ಕೆಚ್ಚಲು ಬಾವು: ರೋಗಾಣುವಿನ ಹಿಡಿತ ಸಡಿಲಿಸುವ ಹೊಸ ದಾರಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಬೇಸಾಯದ ಜೊತೆಗೆ ಹೈನುಗಾರಿಕೆಯೂ ಅನೇಕ ರೈತ ಕುಟುಂಬಗಳಿಗೆ ಆಧಾರವಾಗಿದೆ. ಮಿಶ್ರತಳಿ ಹಸುಗಳನ್ನು ಸಾಕುವವರಿಗೆ ಹೆಚ್ಚು ನಷ್ಟ ತರುವ ರೋಗಗಳಲ್ಲಿ ಕೆಚ್ಚಲು ಬಾವು ಮುಖ್ಯವಾದುದು. ರೋಗ ಬೇರೂರಿದರೆ ಕೆಚ್ಚಲಿನ ಆ ಭಾಗ ಗಟ್ಟಿಯಾಗಿ, ಹಾಲು ಬತ್ತಿಹೋಗಬಹುದು.

ಔಷಧಿ ಏಕೆ ಸೋಲುತ್ತದೆ?

ಈ ರೋಗಕ್ಕೆ ಹಲವು ಸೂಕ್ಷ್ಮಾಣುಗಳು ಕಾರಣ. ಅವುಗಳಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬುದು ಬಹು ಮೊಂಡು. ಇದು ಕೆಚ್ಚಲಿನ ಜೀವಕೋಶಗಳ ಒಳಗೂ ಅಡಗಬಲ್ಲದು. ಇದರ ಅನೇಕ ತಳಿಗಳು ಪೆನಿಸಿಲಿನ್ ಔಷಧಿಯನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತವೆ. ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅಳಿದುಳಿದ ರೋಗಾಣುಗಳು ಮತ್ತೆ ವೃದ್ಧಿಯಾಗುತ್ತವೆ.

ರೋಗಾಣುವಿನ ಕೊಕ್ಕೆಗಳು

ರೋಗ ತರಬೇಕಾದರೆ ರೋಗಾಣುವು ಮೊದಲು ಕೆಚ್ಚಲಿನ ಒಳಪದರಕ್ಕೆ ಅಂಟಿಕೊಳ್ಳಬೇಕು. ಅದರ ಮೈಮೇಲಿರುವ ಕೆಲವು ಸಸಾರಜನಕ ವಸ್ತುಗಳು ಇದಕ್ಕೆ ಕೊಕ್ಕೆಗಳಂತೆ ನೆರವಾಗುತ್ತವೆ. ಈ ಕೊಕ್ಕೆಗಳನ್ನು ರೋಗಾಣುವಿನ ಕೋಶಭಿತ್ತಿಗೆ ಜೋಡಿಸುವ ಕಿಣ್ವವೇ ಸಾರ್ಟೇಸ್. ಇದನ್ನು ಬೇಲಿಗೆ ಮುಳ್ಳು ಕಟ್ಟುವ ಆಳಿಗೆ ಹೋಲಿಸಬಹುದು. ಆಳು ಬಾರದಿದ್ದರೆ ಮುಳ್ಳಿದ್ದೂ ಬೇಲಿಯಾಗದು.

ಅಮೆರಿಕದಲ್ಲಿ ಓಲಾಫ್ ಶ್ನೀವಿಂಡ್ ಮತ್ತು ಸಂಗಡಿಗರು 1999ರಲ್ಲಿ ಈ ಕಿಣ್ವವನ್ನು ಗುರುತಿಸಿದರು. ಈ ಕಿಣ್ವವಿಲ್ಲದ ರೋಗಾಣುಗಳಿಗೆ ಇಲಿಗಳಲ್ಲಿ ರೋಗ ತರುವ ಶಕ್ತಿ ಬಹಳ ಕುಗ್ಗುತ್ತದೆಂದು 2000ದಲ್ಲಿ ತೋರಿಸಿದರು. ಹಸುವಿನ ಅಥವಾ ಮನುಷ್ಯರ ದೇಹದಲ್ಲಿ ಈ ಕಿಣ್ವವಿಲ್ಲ. ಆದುದರಿಂದ ಇದನ್ನು ಮಾತ್ರ ತಡೆಯುವ ಔಷಧಿಗಾಗಿ ಸಂಶೋಧನೆ ನಡೆದಿದೆ. ಅಂತಹ ಔಷಧಿ ರೋಗಾಣುವನ್ನು ಕೊಲ್ಲದೆ ನಿಶ್ಶಕ್ತಗೊಳಿಸುವುದರಿಂದ, ಅದಕ್ಕೆ ರೋಗಾಣುಗಳು ಒಗ್ಗಿಕೊಳ್ಳುವುದು ನಿಧಾನವಾಗಬಹುದೆಂಬ ನಿರೀಕ್ಷೆಯಿದೆ. ಆದರೆ ಕೆಚ್ಚಲು ಬಾವು ತರುವ ಇನ್ನೊಂದು ಸೂಕ್ಷ್ಮಾಣುವಾದ ಈ. ಕೋಲೈ ಮೇಲೆ ಇದು ನಡೆಯದು; ಅದರ ಹೊರಕವಚದ ರಚನೆಯೇ ಬೇರೆ.

ಈಗ ಮಾಡಬೇಕಾದುದು

ಈ ಬಗೆಯ ಔಷಧಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಅಲ್ಲಿಯವರೆಗೆ ರೋಗಾಣು ಅಂಟದಂತೆ ತಡೆಯುವುದು ರೈತರ ಕೈಯಲ್ಲೇ ಇದೆ.

1. ಕರೆಯುವ ಮುನ್ನ ಕೈ ಮತ್ತು ಕೆಚ್ಚಲನ್ನು ತೊಳೆದು, ಶುಚಿಯಾದ ಬಟ್ಟೆಯಿಂದ ಒರೆಸಬೇಕು.

2. ಮೊದಲ ಹಾಲನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಕರೆದು, ಗರಣೆ ಕಂಡರೆ ಪಶುವೈದ್ಯರಿಗೆ ತಿಳಿಸಬೇಕು.

3. ರೋಗವಿರುವ ಹಸುವನ್ನು ಕೊನೆಯಲ್ಲಿ ಕರೆಯಬೇಕು.

4. ಕರೆದ ಕೂಡಲೆ ಮೊಲೆತೊಟ್ಟುಗಳನ್ನು ಅದಕ್ಕೆಂದೇ ತಯಾರಾದ ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ತೊಟ್ಟಿನ ರಂಧ್ರ ಮುಚ್ಚುವವರೆಗೆ, ಸುಮಾರು ಅರ್ಧ ಗಂಟೆ, ಹಸು ಮಲಗದಂತೆ ಮೇವು ಹಾಕಬೇಕು.

5. ವೈದ್ಯರು ಹೇಳಿದಷ್ಟು ದಿನವೂ ಔಷಧಿ ಕೊಡಿಸಬೇಕು. ಅವರು ಸೂಚಿಸಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಡೇರಿಗಾಗಲಿ ಮನೆಗಾಗಲಿ ಬಳಸಬಾರದು.