ಪಿಕಪ್ ಗಾಡಿಯ ನಿಜವಾದ ಮೈಲೇಜು

ನಾಂದಣಿಯ ತೋಟಗಳ ಕಾಯಿಪಲ್ಯವನ್ನು ಪೇಟೆಗೆ ಸಾಗಿಸುವ ಪಿಕಪ್ ಗಾಡಿಯು ಲೀಟರಿಗೆ 15 ಕಿಲೋಮೀಟರು ಓಡುವುದೆಂದು ಮಾರುವವರು ಹೇಳಿದರೆನ್ನೋಣ. ಆ ಅಂಕಿಯು ಪ್ರಯೋಗಶಾಲೆಯದು. ಅಲ್ಲಿ ಚಕ್ರಗಳು ಉರುಳೆಗಳ ಮೇಲೆ ತಿರುಗುತ್ತವೆ, ಗಾಡಿಯಾದರೋ ನಿಂತಲ್ಲಿಯೇ ಇರುತ್ತದೆ! ಕೆಸರು, ಎದುರುಗಾಳಿ, ಸಂತೆಯ ಜನಜಂಗುಳಿ ಅಲ್ಲಿಲ್ಲ. ಗಾಳಿಯ ತಡೆಯು ವೇಗದ ವರ್ಗಕ್ಕನುಗುಣವಾಗಿ ಹೆಚ್ಚುವುದು. ಗಂಟೆಗೆ 60ರ ಬದಲು 80 ಕಿಲೋಮೀಟರು ವೇಗದಲ್ಲಿ ಓಡಿಸಿದರೆ ಅದು ಸುಮಾರು 1.78 ಪಟ್ಟಾಗುತ್ತದೆ. ಹೇರಿದ ಭಾರವು ನಿಂತು ಹೊರಡುವಾಗಲೆಲ್ಲ ಡೀಸೆಲನ್ನು ಬೇಡುವುದು. ಗಾಳಿ ಇಳಿದ ಟೈರೂ ಹಾಗೆಯೇ.

ಆದುದರಿಂದ ಟ್ಯಾಂಕು ತುಂಬಿಸಿ ಓಡೋಮೀಟರಿನ ಅಂಕಿಯನ್ನು ಬರೆದಿಡತಕ್ಕದ್ದು. ಮತ್ತೆ ತುಂಬಿಸುವಾಗ 480 ಕಿಲೋಮೀಟರಿಗೆ 40 ಲೀಟರು ಹಿಡಿದರೆ, ಲೀಟರಿಗೆ 12. ತುಂಬುವ ಮಟ್ಟವು ಪ್ರತಿಸಲವೂ ಒಂದೇ ಇರದಾದ್ದರಿಂದ ಐದಾರು ಸಲದ ಒಟ್ಟು ಲೆಕ್ಕವೇ ಲೇಸು. 15ನ್ನು ನಂಬಿ 300 ಕಿಲೋಮೀಟರಿನ ಬಾಡಿಗೆ ಗೊತ್ತುಮಾಡಿದವನು 20 ಲೀಟರಿನ ಹಣವನ್ನಷ್ಟೇ ಎಣಿಸಿರುತ್ತಾನೆ. ಉಳಿದ 5 ಲೀಟರು ಅವನ ಕಿಸೆಯಿಂದಲೇ ಹೋಗುವುದು.