ಆಪ್ತ ಸಮಾಲೋಚನೆ ಎಂದರೇನು? ಯಾರ ಬಳಿ ಹೋಗಬೇಕು?



ರಾಸು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ಮನೆಯ ಯಜಮಾನರು ಹದಿನೈದು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿಯೆಲ್ಲ ಜಗಲಿಯ ಮೇಲೆ ಎದ್ದು ಕೂರುತ್ತಾರೆ, ಮಾತನಾಡಿಸಿದರೆ ಸಿಡುಕುತ್ತಾರೆ ಎಂದರೆ "ಕಾಲ ಸರಿಯಿಲ್ಲ, ತಾನೇ ಸರಿಹೋಗುತ್ತದೆ" ಎಂದು ಸುಮ್ಮನಿರುತ್ತೇವೆ. ಮನುಷ್ಯರನ್ನು ರಾಸಿಗೆ ಹೋಲಿಸಿದೆವೆಂದು ಬೇಸರ ಬೇಡ. ಕರೆಯುವ ಹಸುವಿನ ಬಗ್ಗೆ ಇರುವ ಕಾಳಜಿಯಲ್ಲಿ ಅರ್ಧದಷ್ಟೂ ನಮ್ಮ ಬಗ್ಗೆ ನಮಗಿಲ್ಲ ಎಂಬುದಂತೂ ನಿಜ.

ಕೊಳವೆಬಾವಿ ಬತ್ತಿತು. ಹೊಳಲ್ಕೆರೆ ಕಡೆ ಅಡಿಕೆ, ಹೊಸದುರ್ಗದ ಕಡೆ ತೆಂಗು ಒಣಗಿತು. ಕೈಸಾಲ, ಮನೆಯಲ್ಲಿ ಕುಡಿತ, ಪರೀಕ್ಷೆಯಲ್ಲಿ ನಪಾಸಾಗಿ ಮೂಲೆ ಹಿಡಿದ ಮಗ. ಇಂತಹ ಭಾರ ಹೊತ್ತವರಿಗೆ ಮಾತಿನ ಮೂಲಕ ನೆರವಾಗುವ ವಿಧಾನವೇ ಆಪ್ತ ಸಮಾಲೋಚನೆ.

ಇದು ಬುದ್ಧಿವಾದವಲ್ಲ. ಬುದ್ಧಿ ಹೇಳುವವರಿಗೆ ಅರಳಿಕಟ್ಟೆಯ ಮೇಲೆ ಎಂದೂ ಬರವಿಲ್ಲ. ಆಪ್ತ ಸಮಾಲೋಚಕರು ಮೊದಲು ಕೇಳುತ್ತಾರೆ, ಬಹಳ ಹೊತ್ತು ಕೇಳುತ್ತಾರೆ. ಒಬ್ಬ ಸದಸ್ಯರಿಗೆ ಬ್ಯಾಂಕಿನ ಸಾಲ, ಗೊಬ್ಬರದ ಅಂಗಡಿಯ ಬಾಕಿ, ನೆಂಟರ ಕೈಸಾಲ ಮೂರೂ ಇವೆ ಎಂದಿಟ್ಟುಕೊಳ್ಳಿ. ಅವರು "ನನಗೆ ದಾರಿಯೇ ಇಲ್ಲ" ಎನ್ನುತ್ತಾರೆ. ಸಮಾಲೋಚಕರು ನಿದ್ದೆ ಹೇಗಿದೆ, ಮನೆಯವರಿಗೆ ಈ ವಿಷಯ ತಿಳಿದಿದೆಯೇ, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ. (ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬಂದು ಹಗುರವಾಗುತ್ತದೆ.) ಬಳಿಕ ಗಂಟನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋಗುತ್ತಾರೆ. ಯಾವ ಸಾಲ ಇಂದೇ ಕಾಡುತ್ತಿದೆ? ಯಾರೊಡನೆ ಮಾತನಾಡಿ ಗಡುವು ಕೇಳಬಹುದು? ಹೆಂಡತಿಗೆ ಹೇಳಲು ಅಂಜಿಕೆ ಏಕೆ? ನಿರ್ಧಾರ ಮಾತ್ರ ನಿಮ್ಮದೇ. ಸಮಾಲೋಚಕರು ಸಾಲ ತೀರಿಸುವುದಿಲ್ಲ, ಮಳೆ ತರಿಸುವುದಿಲ್ಲ. ಕಣ್ಣು ಕತ್ತಲಿಟ್ಟವರಿಗೆ ಮುಂದಿನ ಒಂದೆರಡು ಹೆಜ್ಜೆ ಕಾಣುವಂತೆ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಒಂದೇ ಭೇಟಿಯಲ್ಲಿ ಮುಗಿಯುವುದು ಅಪರೂಪ.

ನೀವು ಹೇಳಿದ ಮಾತು ಅವರಲ್ಲೇ ಉಳಿಯಬೇಕು. ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ ಮನೆಯವರಿಗೆ ತಿಳಿಸುತ್ತಾರೆ. ಈ ಕಾರಣದಿಂದಲೇ ನೆಂಟರು, ಸಂಘದ ನಿರ್ದೇಶಕರು, ಸಾಲ ಕೊಟ್ಟವರು ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ತಕ್ಕವರಲ್ಲ.

ಯಾರು ತಕ್ಕವರು?

ಮನೋವೈದ್ಯರು ಎಂ.ಬಿ.ಬಿ.ಎಸ್. ನಂತರ ಮಾನಸಿಕ ಕಾಯಿಲೆಗಳ ವಿಷಯದಲ್ಲೇ ಓದಿದವರು, ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಇವರಲ್ಲದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ತರಬೇತಿ ಪಡೆದ ಆಪ್ತ ಸಮಾಲೋಚಕರು ಇದ್ದಾರೆ. ಬಾಗಿಲ ಮೇಲಿನ ಫಲಕ ನೋಡಿ ನಂಬಬೇಡಿ. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯಿತು, ಶುಲ್ಕ ಎಷ್ಟು ಎಂದು ಕೇಳಲು ಸಂಕೋಚ ಬೇಡ. ಹಿಂಡಿ ಕೊಳ್ಳುವಾಗ ಚೀಲದ ಮೇಲಿನ ಮುದ್ರೆ ನೋಡುವುದಿಲ್ಲವೇ? ಮೂರೇ ದಿನದಲ್ಲಿ ಗುಣಪಡಿಸುತ್ತೇವೆಂದು ಭರವಸೆ ಕೊಡುವವರು, ನಿಮ್ಮ ಮಾತು ಮುಗಿಯುವ ಮೊದಲೇ ತೀರ್ಪು ಕೊಡುವವರು, ಇನ್ನೊಬ್ಬರ ಮನೆಯ ಕಥೆಯನ್ನು ನಿಮಗೆ ಹೇಳುವವರು ಬೇಡವೇ ಬೇಡ. ಎರಡು ಮೂರು ಭೇಟಿಯಾದರೂ ಮನಸ್ಸು ಬಿಚ್ಚಲಾಗದಿದ್ದರೆ ಬೇರೆಯವರನ್ನು ನೋಡಬಹುದು. ಅದರಿಂದ ಯಾರಿಗೂ ಅವಮಾನವಿಲ್ಲ.

ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ಅದೇ 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನೀವು ಮೊದಲು ವಿಚಾರಿಸಬೇಕಾದದ್ದು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು ಬಸ್ಸು ಹತ್ತಿರಿ. ಊರಿನ ಆಶಾ ಕಾರ್ಯಕರ್ತೆಯನ್ನೂ ವಿಚಾರಿಸಬಹುದು.

ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ನೋಡಿಯಾರು ಎಂಬ ಅಂಜಿಕೆ ಇದ್ದವರಿಗೆ ದೂರವಾಣಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಗಂಡನ ಕುಡಿತ, ಹೊಡೆತದಿಂದ ನೊಂದ ಸೋದರಿಯರು 181ಕ್ಕೆ ಕರೆ ಮಾಡಬಹುದು. ಕೊಟ್ಟಿಗೆಯ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದೇ ಆದ್ದರಿಂದ ಈ ಸಂಖ್ಯೆಯನ್ನು ಅವರ ಕಿವಿಗೆ ಮುಟ್ಟಿಸುವ ಹೊಣೆ ಓದಿದವರದು.

ಒಂದು ವಿಷಯದಲ್ಲಿ ಮಾತ್ರ ಭೇಟಿಯ ದಿನಕ್ಕಾಗಿ ಕಾಯಬೇಡಿ. "ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎನ್ನತೊಡಗಿದವರನ್ನು ಒಂಟಿಯಾಗಿ ಬಿಡಬಾರದು, ಕ್ರಿಮಿನಾಶಕದ ಡಬ್ಬಿ ಅವರ ಕೈಗೆ ಸಿಗಬಾರದು. ವಿಷ ಕುಡಿದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಕೇಸಾಗುತ್ತದೆಂದು ಹೆದರಿ ಮನೆಮದ್ದು ಮಾಡುತ್ತಾ ಕೂತರೆ ಜೀವ ಹೋಗುತ್ತದೆ. ಇಂತಹವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಭಾವಿಸುತ್ತದೆ. ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಇನ್ನು, ಭೇಟಿಗೆ ಸಮಯ ಗೊತ್ತುಮಾಡುವಾಗ ನೀವು ಹೈನುಗಾರರೆಂದು ಮೊದಲೇ ತಿಳಿಸಿ. ಬೆಳಗಿನ ಹಾಲು ಸಂಘಕ್ಕೆ ಹಾಕಿ ಹೊರಟು, ಸಂಜೆ ಕರೆಯುವ ಹೊತ್ತಿಗೆ ಮನೆ ಸೇರುವಂತೆ ಹನ್ನೊಂದರಿಂದ ಎರಡು ಗಂಟೆಯೊಳಗಿನ ಸಮಯ ಕೇಳಿ ಪಡೆಯಿರಿ. ಹಿಂದಿನ ಔಷಧಿ ಚೀಟಿಗಳಿದ್ದರೆ ಜೊತೆಗೆ ಒಯ್ಯಿರಿ.