ಎಂಟು ಲಕ್ಷ ವರ್ಷ ಹಳೆಯ ಗಾಳಿಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಎಂಟು ಲಕ್ಷ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಷ್ಟಿತ್ತು ಎಂದು ವಿಜ್ಞಾನಿಗಳು ಹೇಳುತ್ತಾರೆ. ಆಗ ಅಳೆದವರು ಯಾರು? ಇದು ಬರೀ ಅಂದಾಜೇ?
– ಓದುಗರೊಬ್ಬರು, ಗಡಹಿಂಗ್ಲಜ

ಉತ್ತರ: ಅಂದಾಜಲ್ಲ, ಆ ಕಾಲದ ಗಾಳಿಯನ್ನೇ ಹಿಡಿದು ಅಳೆದದ್ದು. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಪದರದ ಮೇಲೆ ಪದರ ಕೂರುತ್ತದೆ. ಮೇಲಿನ ಭಾರಕ್ಕೆ ಒತ್ತಿಕೊಂಡು, ಸುಮಾರು 50ರಿಂದ 100 ಮೀಟರ್ ಆಳದಲ್ಲಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಹರಳುಗಳ ನಡುವಿನ ಗಾಳಿ ಆಗ ಗುಳ್ಳೆಗಳಲ್ಲಿ ಸೆರೆಯಾಗುತ್ತದೆ. ಅಲ್ಲಿಯವರೆಗೆ ಮೇಲಿನ ಗಾಳಿ ಒಳಗೆ ಆಡುತ್ತಲೇ ಇರುವುದರಿಂದ ಗುಳ್ಳೆಯ ಗಾಳಿಯ ವಯಸ್ಸು ಸುತ್ತಲಿನ ಮಂಜಿಗಿಂತ ಕಡಿಮೆ. ಕೆಲವೆಡೆ ಈ ಅಂತರ ಸಾವಿರಾರು ವರ್ಷ. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಕೊರೆದು ತೆಗೆದ ಮಂಜಿನ ಕಂಬದ ಹೊರಮೈ ಕೆತ್ತಿ, ಒಳಗಿನ ತುಂಡನ್ನು ನಿರ್ವಾತ ಪಾತ್ರೆಯಲ್ಲಿಟ್ಟು ಪುಡಿಮಾಡುತ್ತಾರೆ. ಗುಳ್ಳೆ ಒಡೆದು ಬಂದ ಗಾಳಿಯನ್ನು ಉಪಕರಣಕ್ಕೆ ಹಾಯಿಸಿ ಅಳೆಯುತ್ತಾರೆ. ಮೀಥೇನ್ ಅಳೆಯಲು ಮಂಜನ್ನು ಕರಗಿಸಬಹುದು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿಬಿಡುತ್ತದೆ, ಹಾಗಾಗಿ ಅದಕ್ಕೆ ಪುಡಿಮಾಡುವ ದಾರಿಯೇ ಸರಿ. ಗ್ರೀನ್‌ಲ್ಯಾಂಡ್‌ನ ಮಂಜಿನಲ್ಲಿ ಸುಣ್ಣದಂಶದ ಧೂಳು ಹೆಚ್ಚು. ಅದು ಮಂಜಿನೊಳಗೇ ಈ ಅನಿಲವನ್ನು ಹುಟ್ಟಿಸಿ ಲೆಕ್ಕ ಕೆಡಿಸುತ್ತದೆ. ಆದ್ದರಿಂದ ಅಂಟಾರ್ಕ್ಟಿಕಾದ ಮಂಜನ್ನೇ ನೆಚ್ಚುತ್ತಾರೆ.

ನಂಬುವುದು ಹೇಗೆ? ಅಲ್ಲಿನ ಲಾ ಡೋಮ್‌ನಲ್ಲಿ ಹಿಮ ಹೇರಳವಾಗಿ ಬೀಳುವುದರಿಂದ ಗುಳ್ಳೆಗಳು ಬೇಗ ಮುಚ್ಚಿಕೊಳ್ಳುತ್ತವೆ. 1970ರ ದಶಕದ ಗಾಳಿಯೂ ಅವುಗಳಲ್ಲಿದೆ. ಆ ವರ್ಷಗಳಲ್ಲಿ ದಕ್ಷಿಣ ಧ್ರುವದಲ್ಲಿ ನೇರವಾಗಿ ಅಳೆದ ಅಂಕಿಗಳಿಗೂ ಗುಳ್ಳೆಗಳ ಅಂಕಿಗಳಿಗೂ ತಾಳೆಯಾಗುತ್ತದೆ. ನನಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಯುರೋಪಿನ ತಂಡ ಡೋಮ್ ಸಿ ಎಂಬಲ್ಲಿ 3 ಕಿ.ಮೀ.ಗೂ ಆಳಕ್ಕೆ ಕೊರೆದು ಎಂಟು ಲಕ್ಷ ವರ್ಷಗಳ ದಾಖಲೆ ಪಡೆಯಿತು. ಅಷ್ಟೂ ಕಾಲ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಹಿಮಯುಗಗಳಲ್ಲಿ ಸುಮಾರು 180ಕ್ಕೆ ಇಳಿದು, ಬೆಚ್ಚನೆಯ ಕಾಲದಲ್ಲಿ 300ರ ಆಸುಪಾಸಿಗೆ ಏರುತ್ತಿತ್ತು. ಕೈಗಾರಿಕಾ ಕ್ರಾಂತಿಗೆ ಮುಂಚೆ 280 ಇತ್ತು, ಈಗ 420 ದಾಟಿದೆ. ಮೀಥೇನ್ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಈ ಏರಿಕೆಯನ್ನು ಪ್ರಕೃತಿಯ ಮಾಮೂಲಿ ಏರಿಳಿತ ಎಂದು ತಳ್ಳಿಹಾಕಲು ಆಗುವುದಿಲ್ಲ.

ಇಂಥ ಮಂಜು ನಿಮ್ಮೂರಿಗೆ ತೀರಾ ದೂರವೇನೂ ಇಲ್ಲ. ಅಂಬೋಲಿ ಘಾಟಿ ಇಳಿದು ಗೋವಾಕ್ಕೆ ಹೋದರೆ, ವಾಸ್ಕೋದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ ಅಂಟಾರ್ಕ್ಟಿಕಾದಿಂದ ತಂದ ಮಂಜನ್ನು ಮೈನಸ್ 20 ಡಿಗ್ರಿಯಲ್ಲಿ ಕಾಪಿಟ್ಟಿದ್ದಾರೆ. ಅತ್ತ ಅಂಟಾರ್ಕ್ಟಿಕಾದಲ್ಲಿ, 2025ರ ಜನವರಿಯಲ್ಲಿ ಯುರೋಪಿನ ಇನ್ನೊಂದು ತಂಡ 2,800 ಮೀಟರ್ ಕೊರೆದು ತಳದ ಬಂಡೆ ಮುಟ್ಟಿತು. ಅದಕ್ಕೆ ಸಿಕ್ಕ ಮಂಜು ಕನಿಷ್ಠ 12 ಲಕ್ಷ ವರ್ಷ ಹಳೆಯದು. ಸುಮಾರು 41,000 ವರ್ಷಕ್ಕೊಮ್ಮೆ ಬರುತ್ತಿದ್ದ ಹಿಮಯುಗ ಆಮೇಲೆ ಲಕ್ಷ ವರ್ಷಕ್ಕೊಮ್ಮೆ ಬರತೊಡಗಿದ್ದು ಏಕೆ ಎಂಬ ಪ್ರಶ್ನೆಗೆ ಆ ಗುಳ್ಳೆಗಳಲ್ಲೇ ಉತ್ತರ ಹುಡುಕುತ್ತಿದ್ದಾರೆ.